ರಿಮ್‌ಫೈರ್ ರೈಫಲ್‌ನ ಟ್ರಿಗರ್ ಎಳೆತವನ್ನು ಮನೆಯಲ್ಲೇ ಸುಧಾರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿ, ವಾರದ ಕೊನೆಗೆ .22 ರಿಮ್‌ಫೈರ್ (ಪಿನ್ನು ತೋಟಾದ ಅಂಚಿಗೆ ಬಡಿದು ಸಿಡಿಸುವ ಬಗೆಯ) ರೈಫಲ್ ಹಿಡಿದು ರೇಂಜಿಗೆ ಹೋಗುವ ಕನ್ನಡಿಗರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಊರಿನಿಂದ ಕೇಳುವವರ ಒಂದೆರಡು ಪ್ರಶ್ನೆಗಳೂ ಸೇರಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹೆಚ್ಚಿನ ಉದಾಹರಣೆಗಳು ರೂಗರ್ 10/22 ರೈಫಲ್ಲಿನವು, ಏಕೆಂದರೆ ಪ್ರಶ್ನೆ ಕೇಳುವವರಲ್ಲಿ ಬಹುಪಾಲು ಜನರ ಕೈಯಲ್ಲಿರುವುದು ಅದೇ.

## ಆರಂಭದ ಪ್ರಶ್ನೆಗಳು

ಟ್ರಿಗರ್ ಚೆನ್ನಾಗಿಲ್ಲ ಅಂತ ಎಲ್ಲರೂ ಹೇಳ್ತಾರೆ. ಚೆನ್ನಾಗಿರೋ ಟ್ರಿಗರ್ ಅಂದ್ರೆ ಹೇಗಿರುತ್ತೆ?

ಬೆರಳಿಟ್ಟು ನಿಧಾನವಾಗಿ ಎಳೆದರೆ ಟ್ರಿಗರ್ ಹಲವು ಹಂತಗಳನ್ನು ದಾಟುತ್ತದೆ. ಮೊದಲಿಗೆ ಹೆಚ್ಚು ಪ್ರತಿರೋಧವಿಲ್ಲದ ಸಡಿಲ ಚಲನೆ ಇರುತ್ತದೆ. ಆಮೇಲೆ ಗಟ್ಟಿಯಾದ ಒಂದು ತಡೆ ಸಿಗುತ್ತದೆ. ಆ ತಡೆಯನ್ನು ಮೀರುವಾಗ ಟ್ರಿಗರ್ ಕೆರೆಯುತ್ತಾ ಜರುಗಿದಂತೆ ಅನ್ನಿಸಿದರೆ ಅದೇ ಕ್ರೀಪ್. ಹ್ಯಾಮರ್ (ಫೈರಿಂಗ್ ಪಿನ್ನಿಗೆ ಬಡಿದು ಗುಂಡು ಹಾರಿಸುವ, ಸುತ್ತಿಗೆಯಂಥ ಭಾಗ) ಬಿಡುಗಡೆಯಾದ ಮೇಲೂ ಟ್ರಿಗರ್ ಹಿಂದಕ್ಕೆ ಸಾಗುವುದು ಓವರ್‌ಟ್ರಾವೆಲ್. ಈ ಇಡೀ ಆಟದ ಕೇಂದ್ರ ಸಿಯರ್. ಸ್ಪ್ರಿಂಗಿನ ಒತ್ತಡದಲ್ಲಿ ನಿಂತಿರುವ ಹ್ಯಾಮರನ್ನು, ಬಾಗಿಲನ್ನು ಅಗುಳಿ ಹಿಡಿದಂತೆ, ಒಂದು ಸಣ್ಣ ಅಂಚಿನಲ್ಲಿ ಹಿಡಿದಿಟ್ಟಿರುವುದು ಅದೇ.

ಒಳ್ಳೆಯ ಟ್ರಿಗರಿನಲ್ಲಿ ತಡೆ ಪ್ರತಿ ಸಲವೂ ಒಂದೇ ಜಾಗದಲ್ಲಿ ಸಿಗುತ್ತದೆ, ಬಿಡುಗಡೆ ಥಟ್ಟನೆ ಆಗುತ್ತದೆ, ಆಮೇಲಿನ ಚಲನೆ ಅತಿ ಕಡಿಮೆ ಇರುತ್ತದೆ. ಎಳೆತದ ತೂಕ ಈ ಗುಣಗಳಲ್ಲಿ ಒಂದು ಮಾತ್ರ. ಕೆರೆಯುವ 2 ಪೌಂಡಿನ ಟ್ರಿಗರ್ ಮತ್ತು ಸ್ವಚ್ಛವಾಗಿ ಬಿಡುವ 3.5 ಪೌಂಡಿನ ಟ್ರಿಗರ್ ಎರಡನ್ನೂ ಮುಂದಿಟ್ಟರೆ ನಾನು ಯೋಚಿಸದೆ ಎರಡನೆಯದನ್ನು ಎತ್ತಿಕೊಳ್ಳುತ್ತೇನೆ.

ನನ್ನ 10/22 ಟ್ರಿಗರ್ ಇಷ್ಟೊಂದು ಗಟ್ಟಿ ಯಾಕೆ? ಕಂಪನಿಯವರಿಗೆ ಇದು ಗೊತ್ತಿಲ್ವಾ?

ಅವರಿಗೆ ಚೆನ್ನಾಗಿಯೇ ಗೊತ್ತು. 1964ರಲ್ಲಿ ಮಾರುಕಟ್ಟೆಗೆ ಬಂದ ಈ ರೈಫಲ್ ಮಕ್ಕಳ ಕೈಗೂ, ತೋಟ ಕಾಯುವವರ ಕೈಗೂ, ಜೀವನದಲ್ಲಿ ಮೊದಲ ಸಲ ಬಂದೂಕು ಹಿಡಿದವರ ಕೈಗೂ ಹೋಗುತ್ತದೆ. ಚಳಿಗೆ ಮರಗಟ್ಟಿದ ಬೆರಳು ತಾಗಿದರೂ, ರೈಫಲ್ ಕೈಜಾರಿ ಬಿದ್ದರೂ ಅದು ಹಾರಬಾರದು. ಲಕ್ಷಗಟ್ಟಲೆ ತಯಾರಾಗುವ ಬಿಡಿಭಾಗಗಳ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದೇ ಬರುತ್ತದೆ, ಆ ವ್ಯತ್ಯಾಸದ ನಡುವೆಯೂ ಪ್ರತಿಯೊಂದು ರೈಫಲ್ ಸುರಕ್ಷಿತವಾಗಿರಬೇಕಾದರೆ ಸಿಯರಿನ ಹಿಡಿತವನ್ನು ಆಳವಾಗಿಯೂ ಸ್ಪ್ರಿಂಗನ್ನು ಬಲವಾಗಿಯೂ ಇಡಬೇಕಾಗುತ್ತದೆ. ಮೊಕದ್ದಮೆಯ ಭಯವೂ ಲೆಕ್ಕದಲ್ಲಿ ಇದ್ದೇ ಇದೆ.

ಹಾಗಾಗಿ ಕಾರ್ಖಾನೆಯಿಂದ ಬಂದ 10/22ರ ಎಳೆತ 5ರಿಂದ 6 ಪೌಂಡ್, ಕೆಲವೊಮ್ಮೆ ಅದಕ್ಕೂ ಹೆಚ್ಚು ತೂಗುವುದು ಅಸಹಜವಲ್ಲ.

ಎಳೆತ ಹಗುರವಾದ್ರೆ ಗುರಿ ತಾನಾಗೇ ಸುಧಾರಿಸುತ್ತಾ?

ರೈಫಲ್ಲಿನ ನಿಖರತೆ ಬದಲಾಗುವುದಿಲ್ಲ. ಆ ನಿಖರತೆಯನ್ನು ನೀವು ಕೆಡಿಸುವ ಪ್ರಮಾಣ ಕಡಿಮೆಯಾಗುತ್ತದೆ. 10/22ರ ಸಾಮಾನ್ಯ ಕಾರ್ಬೈನ್ ಮಾದರಿಯ ತೂಕ ಸುಮಾರು 5 ಪೌಂಡ್, ಅಂದರೆ ಎರಡೂಕಾಲು ಕಿಲೋ. ಟ್ರಿಗರ್ ಎಳೆಯಲು 6 ಪೌಂಡ್ ಬಲ ಬೇಕಾದರೆ, ರೈಫಲ್ಲಿನ ತೂಕಕ್ಕಿಂತ ಹೆಚ್ಚಿನ ಬಲವನ್ನು ಒಂದೇ ಬೆರಳಿನಿಂದ, ಅದೂ ನೆಟ್ಟಗೆ ಹಿಂದಕ್ಕೆ, ಪ್ರಯೋಗಿಸಿ ನಳಿಕೆಯನ್ನು ಅಲುಗಾಡಿಸದೆ ಇರಬೇಕು. ಬೆಂಚಿನ ಮೇಲೆ ಮರಳಿನ ಚೀಲಕ್ಕೆ ಒರಗಿಸಿಟ್ಟರೆ ಇದು ಹೇಗೋ ನಡೆಯುತ್ತದೆ. ನಿಂತು ಹೊಡೆಯುವಾಗ ಎಳೆತದ ಕೊನೆಯ ಕ್ಷಣದಲ್ಲಿ ಗುರಿ ಬಲಕ್ಕೋ ಕೆಳಕ್ಕೋ ಜಾರುವುದನ್ನು ಕಣ್ಣಾರೆ ನೋಡಬಹುದು.

ತೋಟಾ ಕಳಪೆಯಾಗಿದ್ದರೆ ಅಥವಾ ಸ್ಕೋಪಿನ ಸ್ಕ್ರೂ ಸಡಿಲವಾಗಿದ್ದರೆ ಮಾತ್ರ ಯಾವ ಟ್ರಿಗರೂ ಏನೂ ಮಾಡಲಾರದು. ನಾಲ್ಕೈದು ಬಗೆಯ ತೋಟಾಗಳನ್ನು ಹೊಡೆದು ನೋಡಿದ ಮೇಲೆ ಟ್ರಿಗರಿನ ಯೋಚನೆ ಮಾಡಿ ಎಂಬುದು ನನ್ನ ಸಲಹೆ.

ನಾನು ಎಚ್-1ಬಿ ವೀಸಾದಲ್ಲಿದ್ದೀನಿ. ಸ್ನೇಹಿತರ ರೈಫಲ್ ಮನೆಗೆ ತಂದು ಕೆಲಸ ಮಾಡಬಹುದಾ?

ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ವಲಸೆಯೇತರ ವೀಸಾದಲ್ಲಿ ದೇಶಕ್ಕೆ ಬಂದವರು, ಎಚ್-1ಬಿ ಮತ್ತು ವಿದ್ಯಾರ್ಥಿ ವೀಸಾದವರೂ ಸೇರಿ, ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವಂತಿಲ್ಲ. ಇದಕ್ಕೆ ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯ ನೀಡಿದ, ಅವಧಿ ಮುಗಿಯದ ಬೇಟೆಯ ಪರವಾನಗಿ ಇರುವುದು ಅವುಗಳಲ್ಲಿ ಮುಖ್ಯವಾದದ್ದು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ರಾಜ್ಯದ ಕಾನೂನು ಇದರ ಮೇಲೆ ಇನ್ನಷ್ಟು ಷರತ್ತುಗಳನ್ನು ಹೇರಬಹುದು. ಒಂದು ಸ್ಪ್ರಿಂಗ್ ಬದಲಾಯಿಸುವ ಆಸೆಗೆ ವೀಸಾವನ್ನೇ ಪಣಕ್ಕಿಡಬೇಡಿ. ಮೊದಲು ವಕೀಲರನ್ನು ಕೇಳಿ.

ನಾವು ಕೊಡಗಿನವರು, ನಮಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ. ಮನೆಯಲ್ಲೇ ಟ್ರಿಗರ್ ಕೆಲಸ ಮಾಡಿಕೊಳ್ಳಬಹುದಾ?

ಕೊಡವರಿಗೂ ಕೊಡಗಿನ ಪಾರಂಪರಿಕ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳ ಮಟ್ಟಿಗೆ, 2029ರವರೆಗೆ, ಮುಂದುವರಿಸಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಅದು ಬಂದೂಕನ್ನು ಇಟ್ಟುಕೊಳ್ಳುವ ವಿಷಯಕ್ಕೆ ಸಂಬಂಧಿಸಿದ ವಿನಾಯಿತಿ. ಅದೇ ಕಾಯ್ದೆಯ 5ನೇ ಸೆಕ್ಷನ್ ಬಂದೂಕಿನ ತಯಾರಿಕೆ, ಮಾರಾಟ, ಮಾರ್ಪಾಡು, ದುರಸ್ತಿ, ಪರೀಕ್ಷೆ ಇವುಗಳಿಗೆ ಪ್ರತ್ಯೇಕ ಪರವಾನಗಿ ಬೇಕೆಂದು ಹೇಳುತ್ತದೆ. ಭಾರತದಲ್ಲಿ ಟ್ರಿಗರ್ ಬಿಚ್ಚಿ ಭಾಗ ಬದಲಾಯಿಸುವ ಕೆಲಸವನ್ನು ಪರವಾನಗಿ ಇರುವ ಬಂದೂಕು ರಿಪೇರಿಯವರಲ್ಲೇ ಮಾಡಿಸಬೇಕು. ಮುಂದಿನ ಉತ್ತರಗಳಲ್ಲಿ ಹೊರಗಿನ ಶುಚಿ, ಅಳತೆ ಮತ್ತು ಅಭ್ಯಾಸದ ಕುರಿತು ಇರುವುದಷ್ಟೇ ಊರಿನ ಓದುಗರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

## ಅಳತೆ ಮತ್ತು ಅಭ್ಯಾಸ

ಎಳೆತದ ತೂಕ ಅಳೆಯೋಕೆ ದುಬಾರಿ ಗೇಜ್ ತಗೋಬೇಕಾ?

ಡಿಜಿಟಲ್ ಗೇಜ್ ಇದ್ದರೆ ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ. ಬೇಕಾಗುವುದು ಒಂದು ಪ್ಲಾಸ್ಟಿಕ್ ಬಾಟಲಿ, ಬಟ್ಟೆ ನೇತುಹಾಕುವ ಹ್ಯಾಂಗರಿನ ತಂತಿ, ಮತ್ತು ಅಡುಗೆಮನೆಯ ತಕ್ಕಡಿ. ರೈಫಲ್ ಖಾಲಿಯಿದೆಯೆಂದು ಕಣ್ಣಿನಿಂದ ನೋಡಿ, ಚೇಂಬರಿಗೆ (ನಳಿಕೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡು) ಬೆರಳು ತಾಗಿಸಿ, ಎರಡು ಬಗೆಯಲ್ಲೂ ಖಚಿತಪಡಿಸಿಕೊಳ್ಳಿ. ಮ್ಯಾಗಜಿನನ್ನೂ ತೋಟಾಗಳನ್ನೂ ಬೇರೆ ಕೋಣೆಯಲ್ಲಿಡಿ. ತಂತಿಯ ಒಂದು ತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿ, ಇನ್ನೊಂದು ತುದಿಗೆ ಬಾಟಲಿ ಕಟ್ಟಿ. ಹ್ಯಾಮರ್ ಕಾಕ್ ಮಾಡಿದ, ಅಂದರೆ ಅದನ್ನು ಹಿಂದಕ್ಕೆ ಒಯ್ದು ಸಿಯರಿಗೆ ಸಿಕ್ಕಿಸಿದ, ರೈಫಲನ್ನು ನಳಿಕೆ ಮೇಲೆ ಬರುವಂತೆ ನೆಟ್ಟಗೆ ನಿಲ್ಲಿಸಿ, ಬೆರಳು ಕೂರುವ ಜಾಗಕ್ಕೇ ಕೊಕ್ಕೆ ಹಾಕಿ. ತಂತಿ ಟ್ರಿಗರ್ ಗಾರ್ಡಿಗಾಗಲಿ ಹಿಡಿಯ ಮರಕ್ಕಾಗಲಿ ತಾಗಿದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಅದನ್ನು ಪಕ್ಕಕ್ಕೆ ಸ್ವಲ್ಪ ಬಗ್ಗಿಸಿ, ಎಳೆತ ನಳಿಕೆಗೆ ಸಮಾನಾಂತರವಾಗಿ ಕೆಳಕ್ಕೆ ಬೀಳುವಂತೆ ಹೊಂದಿಸಬೇಕು.

ಈಗ ಬಾಟಲಿಗೆ ಸ್ವಲ್ಪ ನೀರು ಹಾಕಿ, ನೆಲದ ಮೇಲಿರುವ ಬಾಟಲಿ ಮೇಲೇಳುವಂತೆ ರೈಫಲನ್ನು ಮೆಲ್ಲಗೆ ಎತ್ತಿ. ಹ್ಯಾಮರ್ ಬೀಳದಿದ್ದರೆ ಕೆಳಗಿಳಿಸಿ ಇನ್ನಷ್ಟು ನೀರು ಹಾಕಿ. ಅದು ಬಿದ್ದಾಗ ಬಾಟಲಿ, ನೀರು, ತಂತಿ ಎಲ್ಲವನ್ನೂ ಒಟ್ಟಿಗೆ ತೂಗಿದರೆ ಎಳೆತದ ತೂಕ ಸಿಕ್ಕಿತು. ಐದು ಸಲ ಅಳೆದು ಬರೆದಿಡಿ. ಸರಾಸರಿಗಿಂತಲೂ ಮುಖ್ಯವಾದದ್ದು ಆ ಐದು ಅಂಕಿಗಳ ನಡುವಿನ ಅಂತರ. ಅದು ದೊಡ್ಡದಾಗಿದ್ದರೆ ಒಳಗೆ ಕೊಳೆಯೋ ಗೀರೋ ಇದೆ ಎಂದರ್ಥ, ಅದು ಬರೀ ಸ್ಪ್ರಿಂಗ್ ಬದಲಾಯಿಸಿದರೆ ಹೋಗುವುದಿಲ್ಲ.

ಹಾಗಾದ್ರೆ ಎಷ್ಟು ಪೌಂಡ್ ಇರಬೇಕು?

ಅದು ರೈಫಲ್ ಏನು ಕೆಲಸ ಮಾಡುತ್ತದೆ ಎಂಬುದನ್ನು ಅವಲಂಬಿಸಿದೆ. ಕಾಡಿನಲ್ಲಿ ಅಳಿಲಿನ ಬೇಟೆಗೆ ಒಯ್ಯುವ, ಮಕ್ಕಳೂ ಬಳಸುವ ರೈಫಲ್ಲಿಗೆ 3ರಿಂದ 4 ಪೌಂಡ್ ಸಾಕು. ಅಮೆರಿಕದ ಸಿಎಂಪಿ (ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ) ಸಂಸ್ಥೆಯ ರಿಮ್‌ಫೈರ್ ಸ್ಪೋರ್ಟರ್ ಸ್ಪರ್ಧೆಯಲ್ಲಿ ಟ್ರಿಗರ್ ಕನಿಷ್ಠ 3 ಪೌಂಡ್ ತೂಕವನ್ನು ಹ್ಯಾಮರ್ ಬೀಳದೆ ಎತ್ತಬೇಕೆಂಬ ನಿಯಮವಿದೆ. ಅಲ್ಲಿ ಭಾಗವಹಿಸುವ ಉದ್ದೇಶವಿದ್ದರೆ 3 ಪೌಂಡಿಗೆ ಸರಿಯಾಗಿ ನಿಲ್ಲಿಸದೆ, ಸ್ಪ್ರಿಂಗ್ ಪಳಗುತ್ತಾ ಹಗುರವಾಗುವುದಕ್ಕೆ ಸ್ವಲ್ಪ ಅವಕಾಶ ಬಿಟ್ಟುಕೊಳ್ಳಿ.

ಒಲಿಂಪಿಕ್ಸ್ ಮಾದರಿಯ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕನಿಷ್ಠ ತೂಕದ ನಿಯಮವೇ ಇಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಲೆ ಕಂಚು ಗೆದ್ದದ್ದು ಇದೇ .22 ರಿಮ್‌ಫೈರ್ ತೋಟಾದ ಮೂರು ಭಂಗಿಗಳ ಸ್ಪರ್ಧೆಯಲ್ಲಿ. ಆ ಮಟ್ಟದ ರೈಫಲ್ಲುಗಳ ಎರಡು ಹಂತದ ಟ್ರಿಗರುಗಳು ನೂರು ಗ್ರಾಂ ಆಸುಪಾಸಿನಲ್ಲಿ ಬಿಡುತ್ತವೆ. ಆ ಅಂಕಿಯನ್ನು ಕೇಳಿ ಮನೆಯ 10/22ರಲ್ಲೂ ಅದನ್ನೇ ಸಾಧಿಸಲು ಹೊರಟವರಿದ್ದಾರೆ. ಆ ಟ್ರಿಗರುಗಳನ್ನು ಮೊದಲಿನಿಂದಲೇ ಆ ತೂಕಕ್ಕಾಗಿ ವಿನ್ಯಾಸ ಮಾಡಿರುತ್ತಾರೆ, ಮತ್ತು ಅವುಗಳನ್ನು ಬಳಸುವವರು ಗುಂಡಿನ ಪಥದತ್ತ ನಳಿಕೆ ತಿರುಗುವ ತನಕ ತೋಟಾವನ್ನೇ ತುಂಬುವುದಿಲ್ಲ.

ಖಾಲಿ ರೈಫಲ್ಲಿನಲ್ಲಿ ಟ್ರಿಗರ್ ಎಳೆದು ಅಭ್ಯಾಸ ಮಾಡಿದ್ರೆ ಹಾಳಾಗುತ್ತೆ ಅಂತಾರಲ್ಲ?

ರಿಮ್‌ಫೈರಿನಲ್ಲಿ ಈ ಭಯಕ್ಕೆ ಕಾರಣವಿದೆ. ತೋಟಾದ ಅಂಚಿನೊಳಗೆ ಸಿಡಿಮದ್ದು ಇರುವುದರಿಂದ ಫೈರಿಂಗ್ ಪಿನ್ ಹೊಡೆಯುವುದು ಆ ಅಂಚಿಗೆ. ತೋಟಾ ಇಲ್ಲದಿದ್ದರೆ ಆ ಅಂಚಿನ ಹಿಂದೆ ಇರುವುದು ಚೇಂಬರಿನ ಉಕ್ಕು. ಪಿನ್ನಿಗೆ ಸರಿಯಾದ ತಡೆ ಇಲ್ಲದ ಹಳೆಯ ರೈಫಲ್ಲುಗಳಲ್ಲಿ ಅದು ಚೇಂಬರಿನ ಬಾಯಿಗೆ ಬಡಿದು ಹಳ್ಳ ಮಾಡುತ್ತದೆ, ಉಬ್ಬಿದ ಉಕ್ಕು ಒಳಕ್ಕೆ ಚಾಚಿ ಖಾಲಿ ಕೊಳವೆ ಹೊರಬರದಂತೆ ಹಿಡಿಯುತ್ತದೆ. 10/22ರಂಥ ಹೊಸ ವಿನ್ಯಾಸಗಳಲ್ಲಿ ಪಿನ್ನು ಚೇಂಬರನ್ನು ತಲುಪುವ ಮೊದಲೇ ನಿಲ್ಲುವ ಏರ್ಪಾಡಿದೆ. ನಿಮ್ಮ ರೈಫಲ್ ಯಾವ ಗುಂಪಿಗೆ ಸೇರಿದೆ ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡಿಯೇ ನಿರ್ಧರಿಸಿ.

ಅನುಮಾನವಿದ್ದರೆ ಅಮೆರಿಕದ ಶೂಟರ್‌ಗಳು ಗೋಡೆಗೆ ಸ್ಕ್ರೂ ಕೂರಿಸಲು ಬಳಸುವ ಹಳದಿ ಪ್ಲಾಸ್ಟಿಕ್ ಪ್ಲಗ್ಗನ್ನು ಚೇಂಬರಿನಲ್ಲಿಡುತ್ತಾರೆ. 4-6-8 ಸಂಖ್ಯೆಯ ಸ್ಕ್ರೂಗಳಿಗೆಂದು ಮಾರುವ ಪ್ಲಗ್ .22 ಚೇಂಬರಿಗೆ ಚೆನ್ನಾಗಿ ಕೂರುತ್ತದೆ, ಅದರ ಅಂಚು ಪಿನ್ನಿನ ಏಟನ್ನು ತಿನ್ನುತ್ತದೆ. ಹತ್ತಾರು ಏಟುಗಳಾದ ಮೇಲೆ ಎಸೆದು ಬೇರೆ ಹಾಕಬೇಕು. ಹಣ ಖರ್ಚು ಮಾಡುವ ಮೊದಲು ಒಂದು ತಿಂಗಳು ಈ ಖಾಲಿ ಅಭ್ಯಾಸ ಮಾಡಿ ನೋಡಿ. ಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗವನ್ನು ಟ್ರಿಗರಿನ ಮೇಲೆ ಚೌಕವಾಗಿಟ್ಟು, ಹ್ಯಾಮರ್ ಬಿದ್ದ ಮೇಲೂ ಒಂದೆರಡು ಕ್ಷಣ ಬೆರಳನ್ನು ಹಿಂದೆಯೇ ಹಿಡಿದರೆ, ಟ್ರಿಗರಿನದೆಂದು ತಿಳಿದಿದ್ದ ಎಷ್ಟೋ ದೋಷ ಬೆರಳಿನದೆಂದು ಗೊತ್ತಾಗುತ್ತದೆ.

## ಮನೆಯಲ್ಲಿ ಮಾಡಬಹುದಾದ ಕೆಲಸ

ಏನೂ ಖರ್ಚಿಲ್ಲದೆ ಮೊದಲು ಮಾಡಬೇಕಾದ್ದು ಏನು?

ಶುಚಿ ಮಾಡುವುದು. 10/22ರಂಥ ಬ್ಲೋಬ್ಯಾಕ್ (ಚೇಂಬರಿನ ಹಿಂಬದಿ ಮುಚ್ಚುವ ಬೋಲ್ಟನ್ನು ಸಿಡಿತದ ಒತ್ತಡವೇ ಹಿಂದಕ್ಕೆ ತಳ್ಳುವ) ರೈಫಲ್ ಪ್ರತಿ ಗುಂಡಿಗೂ ಮಸಿಯನ್ನು ಹಿಂದಕ್ಕೆ ಉಗುಳುತ್ತದೆ. ತೋಟಾದ ಮೇಣ, ಸೀಸದ ಪುಡಿ, ಅರೆಬೆಂದ ಮದ್ದಿನ ಕಣ ಎಲ್ಲವೂ ಎಣ್ಣೆಯ ಜತೆ ಕಲಸಿಕೊಂಡು ಸಿಯರಿನ ಸುತ್ತ ಕಪ್ಪು ಅಂಟಾಗಿ ಕೂರುತ್ತವೆ. ಎಷ್ಟೋ ವರ್ಷ ಬಿಚ್ಚದೆ ಇಟ್ಟಿದ್ದ ಟ್ರಿಗರನ್ನು ತೊಳೆದರೆ ಅದು ಕೆರೆಯುವುದು ನಿಲ್ಲುವುದುಂಟು.

10/22ರಲ್ಲಿ ಕ್ರಮ ಹೀಗೆ. ಮ್ಯಾಗಜಿನ್ ತೆಗೆದು, ಚೇಂಬರ್ ಖಾಲಿಯಿರುವುದನ್ನು ನೋಡಿ, ಹ್ಯಾಮರ್ ಕಾಕ್ ಆಗಿರುವಾಗಲೇ ಸೇಫ್ಟಿಯನ್ನು ನಡುವೆ ನಿಲ್ಲಿಸಿ. ಸ್ಟಾಕಿನ (ರೈಫಲ್ಲಿನ ಹಿಡಿಯ) ಕೆಳಗಿರುವ ಒಂದು ಸ್ಕ್ರೂ ಬಿಚ್ಚಿ, ಕಾರ್ಬೈನ್ ಮಾದರಿಯಲ್ಲಿ ನಳಿಕೆಯನ್ನು ಸುತ್ತಿದ ಪಟ್ಟಿಯನ್ನೂ ಸಡಿಲಿಸಿ ತೆಗೆದರೆ ನಳಿಕೆಯ ಕಡೆಯಿಂದ ಎತ್ತಿ ಇಡೀ ಲೋಹದ ಭಾಗವನ್ನು ಹೊರತೆಗೆಯಬಹುದು. ರಿಸೀವರಿನ (ಬೋಲ್ಟ್ ಮತ್ತು ಟ್ರಿಗರ್ ಕೂರುವ ಲೋಹದ ಪೆಟ್ಟಿಗೆಯ) ಅಡ್ಡಕ್ಕೆ ಟ್ರಿಗರ್ ಘಟಕವನ್ನು ಹಿಡಿದಿಡುವ ಎರಡು ಪಿನ್ನುಗಳಿವೆ. ಅವು ಎಷ್ಟು ಸಡಿಲವೆಂದರೆ ಪಕ್ಕಕ್ಕೆ ವಾಲಿಸಿದರೂ ಜಾರಿ ಬೀಳುತ್ತವೆ, ಆದ್ದರಿಂದ ಕೆಳಗೊಂದು ಬಿಳಿ ಟವೆಲ್ ಹಾಸಿಕೊಳ್ಳಿ. ಪಿನ್ನು ತೆಗೆದರೆ ಟ್ರಿಗರಿನ ಪೂರ್ತಿ ಘಟಕ ಕೈಗೆ ಬರುತ್ತದೆ. ಅದು ಹೊರಗಿರುವಾಗ ಟ್ರಿಗರ್ ಎಳೆಯಬೇಡಿ. ಎದುರಿಗೆ ಬೋಲ್ಟ್ ಇಲ್ಲದ ಹ್ಯಾಮರ್ ಪೂರ್ಣ ಬಲದಿಂದ ಬಡಿಯುತ್ತದೆ, ನಡುವೆ ಬೆರಳಿದ್ದರೆ ಬೆರಳಿಗೆ.

ಒಳಗಿನ ಸ್ಪ್ರಿಂಗುಗಳನ್ನು ಬಿಚ್ಚದೆಯೇ ಘಟಕವನ್ನು ಬಂದೂಕಿಗೆಂದು ಮಾರುವ ದ್ರಾವಕದಿಂದ ತೊಳೆದು, ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿ, ಗಾಳಿ ಹೊಡೆದು ಒಣಗಿಸಿ. ಮರಳಿ ಕೂರಿಸುವಾಗಲೂ ಹ್ಯಾಮರ್ ಕಾಕ್ ಆಗಿಯೇ ಇರಬೇಕು, ಇಲ್ಲದಿದ್ದರೆ ಘಟಕ ಸ್ಥಾನಕ್ಕೆ ಹೋಗುವುದಿಲ್ಲ. ಆ ಕಪ್ಪು ಅಂಟಿನಲ್ಲಿ ಸೀಸವಿದೆ. ಕೈಗವಸು ಹಾಕಿ, ಊಟದ ಮೇಜಿನಿಂದ ದೂರ ಕೂತು ಕೆಲಸ ಮಾಡಿ, ಮುಗಿದ ಮೇಲೆ ತಣ್ಣೀರಿನಲ್ಲಿ ಸೋಪು ಹಾಕಿ ಕೈ ತೊಳೆಯಿರಿ.

ಎಷ್ಟು ಎಣ್ಣೆ ಹಾಕ್ಬೇಕು?

ನೀವು ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆ. ಸೂಜಿಯ ತುದಿಯಲ್ಲಿ ನಿಲ್ಲುವಷ್ಟು ತೆಳು ಎಣ್ಣೆಯನ್ನು ಹ್ಯಾಮರಿನ ತಿರುಗಣೆಗೂ ಟ್ರಿಗರಿನ ತಿರುಗಣೆಗೂ ತಾಗಿಸಿ, ಉಳಿದದ್ದನ್ನು ಒರೆಸಿ. ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆಯಬೇಕಾದ) ರೈಫಲ್ಲುಗಳ ಮುಚ್ಚಿದ ಟ್ರಿಗರ್ ಪೆಟ್ಟಿಗೆಗೆ ಎಣ್ಣೆಯನ್ನು ಸುರಿಯಲೇಬಾರದು. ಅದು ಒಣಗಿ ಗಟ್ಟಿಯಾಗಿ, ಚಳಿಗಾಲದ ಬೆಳಗಿನಲ್ಲಿ ಸಿಯರನ್ನು ಅರ್ಧ ದಾರಿಯಲ್ಲೇ ಹಿಡಿದು ನಿಲ್ಲಿಸಬಲ್ಲದು.

ನಂದು ಬೋಲ್ಟ್ ಆಕ್ಷನ್. ಸ್ಕ್ರೂ ತಿರುಗಿಸಿ ಹಗುರ ಮಾಡಬಹುದಂತೆ, ಹೌದಾ?

ಹಲವು ಮಾದರಿಗಳಲ್ಲಿ ಹೌದು. ಸ್ಯಾವೇಜ್ ಕಂಪನಿಯ ಅಕ್ಯುಟ್ರಿಗರ್ ಇರುವ .22 ರೈಫಲ್ಲುಗಳಲ್ಲಿ ತೂಕ ಬದಲಾಯಿಸಲು ಸಣ್ಣ ಸಲಕರಣೆಯನ್ನು ರೈಫಲ್ಲಿನ ಜತೆಗೇ ಕೊಡುತ್ತಾರೆ. ಟ್ರಿಗರಿನ ನಡುವೆ ಕಾಣುವ ತೆಳುವಾದ ಅಲಗನ್ನು ಒತ್ತದೆ ಹ್ಯಾಮರ್ ಬೀಳದಂತೆ ಆ ವಿನ್ಯಾಸವಿದೆ, ಹಗುರ ಎಳೆತವನ್ನು ಸುರಕ್ಷಿತವಾಗಿಸುವ ಉಪಾಯವೇ ಅದು. ಎಲ್ಲೋ ತಾಗಿ ಸಿಯರ್ ಜಾರಿದರೂ ಆ ಅಲಗು ಹಿಡಿಯುತ್ತದೆ. ಆಗ ಬೋಲ್ಟನ್ನು ಎತ್ತಿ ಮತ್ತೆ ಕಾಕ್ ಮಾಡಬೇಕಾಗುತ್ತದೆ. ಸಿಜೆಡ್ 457ರಲ್ಲಿ ಎಳೆತದ ತೂಕವನ್ನು ಹೊಂದಿಸುವ ವ್ಯವಸ್ಥೆಯನ್ನು ಕಾರ್ಖಾನೆಯೇ ಒದಗಿಸಿದೆ.

ಇಲ್ಲಿ ಪಾಲಿಸಬೇಕಾದ ಶಿಸ್ತು ಒಂದೇ. ಕೈಪಿಡಿ ತೋರಿಸಿದ ಸ್ಕ್ರೂವನ್ನು ಮಾತ್ರ, ಅದು ಹೇಳಿದ ಮಿತಿಯೊಳಗೆ, ಕಾಲು ಸುತ್ತಿಗೊಮ್ಮೆ ನಿಲ್ಲಿಸಿ ಅಳೆಯುತ್ತಾ ತಿರುಗಿಸಿ. ಮೊದಲ ಸ್ಥಿತಿಯಲ್ಲಿ ಸ್ಕ್ರೂವಿನ ಗೀಟು ಯಾವ ದಿಕ್ಕಿಗಿತ್ತು ಎಂಬುದರ ಫೋಟೋ ತೆಗೆದಿಡಿ. ಅರಗಿನಂಥ ಅಂಟಿನಿಂದ ಮುಚ್ಚಿದ ಸ್ಕ್ರೂ ಕಂಡರೆ ಅದು ಸಿಯರಿನ ಹಿಡಿತವನ್ನು ನಿರ್ಧರಿಸುವ ಸ್ಕ್ರೂ ಆಗಿರುವ ಸಾಧ್ಯತೆ ಹೆಚ್ಚು, ಅದನ್ನು ಮುಟ್ಟದೆ ಬಿಡಿ.

ಬಿಎಕ್ಸ್ ಟ್ರಿಗರ್ ಹಾಕಿಸಿದ್ರೆ ಸಾಕಾ, ಇಲ್ಲ ಹ್ಯಾಮರ್ ಒಂದೇ ಬದಲಾಯಿಸಲಾ?

ರೂಗರ್ ಕಂಪನಿಯೇ ಮಾರುವ ಬಿಎಕ್ಸ್ ಟ್ರಿಗರ್ ಪೂರ್ತಿ ಜೋಡಿಸಿದ ಘಟಕ. ಹಳೆಯದನ್ನು ತೆಗೆದು ಅದೇ ಎರಡು ಪಿನ್ನುಗಳಿಂದ ಇದನ್ನು ಕೂರಿಸಿದರೆ ಎಳೆತ ಸುಮಾರು 2.5ರಿಂದ 3 ಪೌಂಡಿಗೆ ಇಳಿಯುತ್ತದೆ. ಒಳಗಿನ ಭಾಗಗಳು ಒಂದಕ್ಕೊಂದು ಹೊಂದುವುದನ್ನು ಕಾರ್ಖಾನೆಯಲ್ಲೇ ನೋಡಿರುತ್ತಾರೆ, ಹಳೆಯ ಘಟಕವನ್ನು ಯಾವಾಗ ಬೇಕಾದರೂ ಮರಳಿ ಹಾಕಬಹುದು. ಬಿಚ್ಚಿ ಜೋಡಿಸುವ ಕೆಲಸ ಹೊಸದಾಗಿರುವವರಿಗೆ ನಾನು ಹೇಳುವುದು ಇದನ್ನೇ.

ವೋಲ್ಕ್ವಾರ್ಟ್‌ಸನ್‌ನಂಥ ಕಂಪನಿಗಳ ಹ್ಯಾಮರ್ ಮಾತ್ರ ತಂದು ಹಾಕಿದರೆ ಖರ್ಚು ಕಡಿಮೆ. ಅದರ ಕೊಕ್ಕೆಯ ಕೋನ ಮತ್ತು ಆಳ ಬೇರೆಯಾಗಿರುವುದರಿಂದ ಹೊಸ ಹ್ಯಾಮರ್ ಹಳೆಯ ಸಿಯರಿನ ಮೇಲೂ ಸ್ವಚ್ಛವಾಗಿ ಬಿಡುತ್ತದೆ. ಆದರೆ ಘಟಕವನ್ನು ಪೂರ್ತಿ ಬಿಚ್ಚಬೇಕು, ಸ್ಪ್ರಿಂಗುಗಳು ಹಾರುತ್ತವೆ, ಸೇಫ್ಟಿಯ ಪುಟ್ಟ ಸ್ಪ್ರಿಂಗ್ ಕಾರ್ಪೆಟ್ಟಿಗೆ ಬಿದ್ದರೆ ಆ ಸಂಜೆ ಹುಡುಕುವುದರಲ್ಲೇ ಕಳೆಯುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡು, ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಿಚ್ಚುವುದು ಒಳ್ಳೆಯ ರೂಢಿ. ಪ್ರತಿ ಭಾಗ ತೆಗೆಯುವ ಮೊದಲೂ ಫೋಟೋ ತೆಗೆಯಿರಿ.

ಸ್ಪ್ರಿಂಗ್ ಎರಡು ಸುತ್ತು ಕತ್ತರಿಸಿದ್ರೆ ಹಗುರ ಆಗುತ್ತೆ ಅಂದ್ರು ಒಬ್ಬರು.

ಹಗುರವಾಗುವುದು ನಿಜ. ಆದರೆ ಕತ್ತರಿಸಿದ ಸ್ಪ್ರಿಂಗಿನ ತುದಿ ಚಪ್ಪಟೆಯಾಗಿ ಕೂರದೆ ಓರೆಯಾಗಿ ಒತ್ತುತ್ತದೆ, ಎಳೆತ ಒಂದೊಂದು ಸಲ ಒಂದೊಂದು ಥರ ಇರುತ್ತದೆ. ತಪ್ಪಾದರೆ ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು. ಕೆಲವೇ ಡಾಲರಿಗೆ ನಿಗದಿತ ಬಲದ ಸ್ಪ್ರಿಂಗ್ ಸಿಗುವಾಗ ಕಟಿಂಗ್ ಪ್ಲೇಯರಿಗೆ ಕೈ ಹಾಕುವುದಕ್ಕೆ ಅರ್ಥವಿಲ್ಲ. ಟ್ರಿಗರನ್ನು ಮುಂದಕ್ಕೆ ಮರಳಿಸುವ ಸ್ಪ್ರಿಂಗ್ ದುರ್ಬಲವಾದರಂತೂ ಸಿಯರ್ ಪೂರ್ತಿ ಹಿಡಿಯದೆ ಉಳಿಯುವ ಅಪಾಯವಿದೆ.

## ಅನುಭವಿಗಳ ಪ್ರಶ್ನೆಗಳು

ಸಿಯರ್ ಮತ್ತು ಹ್ಯಾಮರಿನ ಅಂಚನ್ನು ಸಾಣೆಕಲ್ಲಿನಲ್ಲಿ ಉಜ್ಜಿ ನುಣುಪು ಮಾಡೋದು ಹೇಗೆ?

ಅತಿ ಹೆಚ್ಚು ಬಾರಿ ಬರುವ ಪ್ರಶ್ನೆ ಇದು, ಮತ್ತು ನಾನು ವಿಧಾನ ಹೇಳಿಕೊಡದ ಪ್ರಶ್ನೆಯೂ ಇದೇ. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಲೋಹದ ಗುಣ. ಇಂಥ ಭಾಗಗಳಲ್ಲಿ ಬಹಳಷ್ಟು ಮೇಲ್ಮೈಯಲ್ಲಿ ಮಾತ್ರ ಗಡಸುಗೊಳಿಸಿದವು. ಆ ಗಡಸು ಪದರ ತೆಳ್ಳಗಿರುತ್ತದೆ, ಅದರ ಕೆಳಗಿರುವುದು ಮೆದು ಉಕ್ಕು. ಕಲ್ಲಿನಿಂದ ನಾಲ್ಕು ಸಲ ಹೆಚ್ಚಿಗೆ ಉಜ್ಜಿದರೆ ಆ ಪದರ ಹೋಗುತ್ತದೆ. ಆ ದಿನ ಎಳೆತ ಬೆಣ್ಣೆಯಷ್ಟು ನುಣುಪಾಗಿರುತ್ತದೆ, ಕೆಲವು ನೂರು ಗುಂಡುಗಳಾಗುವಷ್ಟರಲ್ಲಿ ಅಂಚು ಸವೆದು, ನೀವು ಕೈ ಹಾಕದಿದ್ದರೂ ಹಿಡಿತ ಬದಲಾಗುತ್ತಾ ಹೋಗುತ್ತದೆ. ಅಪಾಯ ಬರುವುದು ಕೆಲಸ ಮಾಡಿದ ದಿನವಲ್ಲ, ಅದನ್ನು ಮರೆತ ಮೇಲೆ.

ಎರಡನೆಯದು ಕೋನ. ಹ್ಯಾಮರಿನ ಕೊಕ್ಕೆ ಮತ್ತು ಸಿಯರಿನ ಅಂಚು ಕೂಡುವ ಕೋನ ಸ್ವಲ್ಪ ಒಂದು ಕಡೆಗಿದ್ದರೆ ಹ್ಯಾಮರಿನ ಒತ್ತಡವೇ ಸಿಯರನ್ನು ಇನ್ನಷ್ಟು ಒಳಕ್ಕೆ ಎಳೆದುಕೊಳ್ಳುತ್ತದೆ. ಅದು ಇನ್ನೊಂದು ಕಡೆಗೆ ವಾಲಿದರೆ ಅದೇ ಒತ್ತಡ ಸಿಯರನ್ನು ಹೊರಕ್ಕೆ ತಳ್ಳುತ್ತದೆ, ಆಗ ಆ ರೈಫಲ್ ತಟ್ಟಿದರೂ ಹಾರಬಹುದು. ಈ ಎರಡು ಸ್ಥಿತಿಗಳ ನಡುವಿನ ಅಂತರ ಬರಿಗಣ್ಣಿಗೆ ಕಾಣದು. ಕೈಯಲ್ಲಿ ಹಿಡಿದ ಕಲ್ಲು ಅಂಚನ್ನು ದುಂಡಾಗಿಸುತ್ತದೆಯೇ ಹೊರತು ಕೋನವನ್ನು ಉಳಿಸುವುದಿಲ್ಲ. ಬಂದೂಕು ರಿಪೇರಿಯವರು ಇದಕ್ಕೆ ಕೋನ ಹಿಡಿದಿಡುವ ಜಿಗ್ ಮತ್ತು ಭೂತಗನ್ನಡಿ ಬಳಸುತ್ತಾರೆ, ಎಷ್ಟೋ ಸಲ ಅವರೂ ಹೊಸ ಭಾಗವನ್ನೇ ಹಾಕಿ ಎನ್ನುತ್ತಾರೆ.

ಮನೆಯಲ್ಲಿ ನುಣುಪು ಮಾಡಲೇಬೇಕೆಂದಿದ್ದರೆ ಹಿಡಿತಕ್ಕೆ ಸಂಬಂಧವಿಲ್ಲದ ಜಾಗಗಳಿವೆ: ತಿರುಗಣೆಯ ಪಿನ್ನುಗಳು, ಹ್ಯಾಮರಿನ ಪಕ್ಕಗಳು, ಸ್ಪ್ರಿಂಗ್ ಉಜ್ಜುವ ಕಡ್ಡಿ. ಇವುಗಳ ಗೀರುಗಳನ್ನು ನಯವಾದ ಪಾಲಿಶ್ ಪೇಸ್ಟಿನಿಂದ ತೆಗೆದರೂ ವ್ಯತ್ಯಾಸ ಬೆರಳಿಗೆ ಗೊತ್ತಾಗುತ್ತದೆ.

ಓವರ್‌ಟ್ರಾವೆಲ್ ನಿಲ್ಲಿಸೋಕೆ ಟ್ರಿಗರಿನ ಹಿಂದೆ ಸ್ಕ್ರೂ ಹಾಕ್ತಾರಲ್ಲ, ಅದು ಮುಖ್ಯವಾ?

ಹ್ಯಾಮರ್ ಬಿಟ್ಟ ಕ್ಷಣದಿಂದ ಗುಂಡು ನಳಿಕೆಯ ತುದಿ ದಾಟುವ ತನಕ ಹಿಡಿಯುವುದು ಕೆಲವೇ ಮಿಲಿಸೆಕೆಂಡು. ಅಷ್ಟರೊಳಗೇ, ಇದ್ದಕ್ಕಿದ್ದಂತೆ ತಡೆ ತಪ್ಪಿದ ಬೆರಳು ಹಿಂದಕ್ಕೆ ನುಗ್ಗಿ ರೈಫಲನ್ನು ಕದಲಿಸುತ್ತದೆ. .22ರ ಗುಂಡು ನಿಧಾನ, ಆದ್ದರಿಂದ ಈ ಕದಲಿಕೆಗೆ ಅದು ಹೆಚ್ಚು ಹೊತ್ತು ಒಡ್ಡಿಕೊಂಡಿರುತ್ತದೆ. ತೂಕ ಇಳಿಸುವುದಕ್ಕಿಂತ ಇದನ್ನು ನಿಲ್ಲಿಸುವುದರಿಂದ ಲಾಭ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಸ್ಕ್ರೂವನ್ನು ಹ್ಯಾಮರ್ ಬೀಳದಷ್ಟು ಮುಂದಕ್ಕೆ ತಂದು, ಆಮೇಲೆ ಬೀಳುವಷ್ಟು ಹಿಂದಕ್ಕೆ ಸರಿಸಿ, ಅಲ್ಲಿಂದ ಇನ್ನೂ ಅರ್ಧ ಸುತ್ತು ಬಿಡಬೇಕು. ಆ ಕೊನೆಯ ಅರ್ಧ ಸುತ್ತನ್ನು ತಿರುಗಿಸದೆ ನಿಲ್ಲಿಸಿದವರ ರೈಫಲ್ಲಿನಲ್ಲಿ ಹ್ಯಾಮರ್ ಬೀಳುವಾಗ ಸಿಯರಿನ ತುದಿಯನ್ನು ಸವರಿಕೊಂಡು ಹೋಗುತ್ತದೆ. ಅದರಿಂದ ಏಟಿನ ಬಲವೂ ಕುಗ್ಗುತ್ತದೆ, ಅಂಚೂ ಕೆಡುತ್ತದೆ. ಸ್ಥಾನ ಸರಿಯಾದ ಮೇಲೆ ಸ್ಕ್ರೂವಿಗೆ ಮೆದು ಬಗೆಯ ಥ್ರೆಡ್ ಲಾಕರನ್ನು (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದೇ ತೊಟ್ಟು ಹಾಕಿ. ಅದು ಒಳಕ್ಕೆ ಹರಿಯಬಾರದು. ಅಂಟು ಹೆಚ್ಚಾದರೆ ಏನಾಗುತ್ತದೆಂಬುದಕ್ಕೆ ಕಾರ್ಖಾನೆಯದೇ ಉದಾಹರಣೆ ಇದೆ: 2014ರ ಏಪ್ರಿಲ್‌ನಲ್ಲಿ ರೆಮಿಂಗ್ಟನ್ ಕಂಪನಿ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಇರುವ ಮಾಡೆಲ್ 700 ಮತ್ತು ಮಾಡೆಲ್ ಸೆವೆನ್ ರೈಫಲ್ಲುಗಳನ್ನು ವಾಪಸ್ ಕರೆಸಿಕೊಂಡಿತು. ಜೋಡಣೆಯಲ್ಲಿ ಬಳಸಿದ ಅಂಟು ಹೆಚ್ಚಾಗಿ, ಕೆಲವು ಸಂದರ್ಭಗಳಲ್ಲಿ ತಾನಾಗಿ ಹಾರುವ ಸಾಧ್ಯತೆ ಇದೆ ಎಂಬುದು ಅದು ಕೊಟ್ಟ ಕಾರಣ.

ಹಗುರ ಸ್ಪ್ರಿಂಗ್ ಹಾಕಿದ ಮೇಲೆ ಹತ್ತರಲ್ಲಿ ಎರಡು ಗುಂಡು ಹಾರೋದೇ ಇಲ್ಲ. ತೋಟಾ ಸರಿಯಿಲ್ವಾ?

ಅದೇ ತೋಟಾ ಮೊದಲು ಹಾರುತ್ತಿತ್ತು ಎಂದರೆ ದೋಷ ನಿಮ್ಮ ಸ್ಪ್ರಿಂಗಿನದು. ಸೆಂಟರ್‌ಫೈರ್ ತೋಟಾಕ್ಕೆ ನಡುವೆ ಪ್ರತ್ಯೇಕ ಪ್ರೈಮರ್ ಇರುತ್ತದೆ. 1887ರಿಂದ ಬಳಕೆಯಲ್ಲಿರುವ .22 ಲಾಂಗ್ ರೈಫಲ್‌ನಲ್ಲಿ ಸಿಡಿಮದ್ದು ಹಿತ್ತಾಳೆಯ ಮಡಿಕೆಯೊಳಗೆ ಸುತ್ತಲೂ ಹರಡಿರುತ್ತದೆ. ಆ ಮಡಿಕೆಯನ್ನು ಜಜ್ಜುವಷ್ಟು ಬಲದ ಏಟು ಬೀಳಲೇಬೇಕು. ಹ್ಯಾಮರ್ ಸ್ಪ್ರಿಂಗನ್ನು ಹಗುರಗೊಳಿಸಿದರೆ ಟ್ರಿಗರ್ ಮೇಲಿನ ಒತ್ತಡ ಇಳಿಯುವಂತೆ ಏಟಿನ ಬಲವೂ ಇಳಿಯುತ್ತದೆ. ಹಾರಿದ ತೋಟಾಗಳಲ್ಲೂ ಸಿಡಿತ ಒಂದೇ ಸಮ ಇರದೆ, 50 ಮೀಟರಿನಲ್ಲಿ ಗುಂಡುಗಳು ಮೇಲೆ ಕೆಳಗೆ ಹರಡಿಕೊಳ್ಳುತ್ತವೆ. ರಿಮ್‌ಫೈರಿನಲ್ಲಿ ಎಳೆತವನ್ನು ಎಷ್ಟು ಇಳಿಸಬಹುದೆಂಬ ಮಿತಿಯನ್ನು ಹಾಕುವುದೇ ಇದು.

ಹಾರದ ತೋಟಾದ ಅಂಚಿನ ಗುರುತನ್ನು ಹಾರಿದ್ದರ ಗುರುತಿನ ಪಕ್ಕದಲ್ಲಿಟ್ಟು ನೋಡಿ. ಹಳ್ಳ ಆಳವಿಲ್ಲದಿದ್ದರೆ ಕಾರ್ಖಾನೆಯ ಹ್ಯಾಮರ್ ಸ್ಪ್ರಿಂಗನ್ನೇ ಮರಳಿ ಹಾಕಿ. ಗುಂಡು ಹಾರದಿದ್ದಾಗ ನಳಿಕೆಯನ್ನು ಗುರಿಯತ್ತಲೇ ಇಟ್ಟು ಕನಿಷ್ಠ 30 ಸೆಕೆಂಡು ಕಾದ ಮೇಲೆಯೇ ಬೋಲ್ಟ್ ತೆರೆಯಬೇಕು.

ಕೆಲಸ ಮುಗೀತು. ರೇಂಜಿಗೆ ಹೋಗೋ ಮುಂಚೆ ಏನೇನು ನೋಡ್ಬೇಕು?

ಖಾಲಿ ರೈಫಲ್ಲಿನಲ್ಲಿ ಈ ಪರೀಕ್ಷೆಗಳು ಮುಗಿಯದೆ ತೋಟಾ ಮುಟ್ಟಬೇಡಿ. ಕಾಕ್ ಮಾಡಿ, ಸೇಫ್ಟಿ ಹಾಕಿ, ಟ್ರಿಗರನ್ನು ಜೋರಾಗಿ ಎಳೆಯಿರಿ: ಹ್ಯಾಮರ್ ಬೀಳಬಾರದು. ಬೆರಳು ತೆಗೆದು ಸೇಫ್ಟಿ ಬಿಡಿ: ಆಗಲೂ ಬೀಳಬಾರದು. ಈ ಎರಡನೆಯ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆದರೆ ಸೇಫ್ಟಿಯ ಹಿಂದೆ ಸಿಯರ್ ಅರ್ಧ ಜಾರಿ ಕೂತಿದ್ದರೆ ಅದು ಬಯಲಾಗುವುದು ಇಲ್ಲೇ. ಬೋಲ್ಟನ್ನು ಪೂರ್ತಿ ಹಿಂದಕ್ಕೆಳೆದು ಥಟ್ಟನೆ ಬಿಡಿ, ಹತ್ತು ಸಲ. ಕಾಕ್ ಆದ ರೈಫಲ್ಲಿನ ಹಿಂಬದಿಯನ್ನು ದಪ್ಪ ರಬ್ಬರ್ ಚಾಪೆಯ ಮೇಲೆ ಕುಟ್ಟಿ, ಪಕ್ಕಗಳನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿ. ಒಂದೇ ಒಂದು ಸಲ ಹ್ಯಾಮರ್ ಬಿದ್ದರೂ ಆ ಕೆಲಸ ವಿಫಲ. ಹಳೆಯ ಭಾಗಗಳನ್ನು ಮರಳಿ ಹಾಕಿ.

ರೇಂಜಿನಲ್ಲಿ ಮೊದಲು ಒಂದೇ ತೋಟಾ ತುಂಬಿ ಹೊಡೆಯಿರಿ. ಅದನ್ನು ನಾಲ್ಕೈದು ಸಲ ಮಾಡಿದ ಮೇಲೆ ಎರಡೆರಡು ತುಂಬಿ. ಹತ್ತು ತೋಟಾಗಳ ಮ್ಯಾಗಜಿನ್ ತುಂಬುವುದು ಅದಕ್ಕೂ ಆಮೇಲೆ.

ಒಂದು ಸಲ ಎಳೆದಾಗ ಎರಡು ಗುಂಡು ಹಾರಿತು. ಒಂಥರಾ ಮಜಾ ಅನ್ನಿಸ್ತು, ಹಾಗೇ ಬಿಟ್ಟರೆ ಆಗಲ್ವಾ?

ಖಂಡಿತ ಆಗದು. ಸಿಯರ್ ಹ್ಯಾಮರನ್ನು ಹಿಡಿಯುತ್ತಿಲ್ಲ ಅಥವಾ ಡಿಸ್ಕನೆಕ್ಟರ್ (ಒಂದು ಎಳೆತಕ್ಕೆ ಒಂದೇ ಗುಂಡು ಹಾರುವಂತೆ ನೋಡಿಕೊಳ್ಳುವ ಭಾಗ) ತನ್ನ ಕೆಲಸ ಮಾಡುತ್ತಿಲ್ಲ ಎಂದು ಅದು ಹೇಳುತ್ತಿದೆ. ಎರಡನೆಯ ಗುಂಡು ಹೋಗುವಾಗ ನಳಿಕೆ ಎತ್ತ ತಿರುಗಿರುತ್ತದೆಂಬುದು ನಿಮ್ಮ ಕೈಯಲ್ಲಿಲ್ಲ, ಬೋಲ್ಟ್ ಪೂರ್ತಿ ಮುಚ್ಚದೆ ಸಿಡಿದರೆ ಹಿತ್ತಾಳೆ ಒಡೆದು ಮುಖಕ್ಕೆ ಬರುತ್ತದೆ. ಕಾನೂನೂ ಇದೆ: ಟ್ರಿಗರಿನ ಒಂದೇ ಕ್ರಿಯೆಗೆ ಒಂದಕ್ಕಿಂತ ಹೆಚ್ಚು ಗುಂಡನ್ನು ತಾನಾಗಿ ಹಾರಿಸುವ ಬಂದೂಕನ್ನು ಅಮೆರಿಕದ 1934ರ ರಾಷ್ಟ್ರೀಯ ಬಂದೂಕು ಕಾಯ್ದೆ ಮಷಿನ್‌ಗನ್ ಎಂದು ಪರಿಗಣಿಸುತ್ತದೆ. ಕೂಡಲೇ ಖಾಲಿ ಮಾಡಿ, ಚೀಲಕ್ಕೆ ಹಾಕಿ, ಬಂದೂಕು ರಿಪೇರಿಯವರಿಗೆ ಒಯ್ಯಿರಿ. ಏನು ಬದಲಾಯಿಸಿದ್ದೀರಿ ಎಂಬುದನ್ನು ಅವರಿಂದ ಮುಚ್ಚಿಡಬೇಡಿ, ತೆಗೆದ ಭಾಗಗಳನ್ನೂ ಜತೆಗೆ ಕೊಡಿ.

ಇಂಥ ರೈಫಲ್ಲನ್ನು ಮುಂದೆ ಮಾರುವಾಗ ಏನಾದ್ರೂ ಹೇಳಬೇಕಾ?

ಹೇಳಲೇಬೇಕು. ಕೊಳ್ಳುವವರು ಕಾರ್ಖಾನೆಯ ಎಳೆತವನ್ನು ನಿರೀಕ್ಷಿಸಿ ಬೆರಳಿಡುತ್ತಾರೆ. ನಾನಾದರೆ ಹಳೆಯ ಘಟಕವನ್ನು ಮರಳಿ ಕೂರಿಸಿ, ಮೇಲಿನ ಪರೀಕ್ಷೆಗಳನ್ನೆಲ್ಲ ಮತ್ತೊಮ್ಮೆ ಮಾಡಿ ಮಾರುತ್ತೇನೆ, ಸುಧಾರಿಸಿದ ಟ್ರಿಗರನ್ನು ಬೇಕಿದ್ದವರಿಗೆ ಪ್ರತ್ಯೇಕವಾಗಿ ಕೊಡುತ್ತೇನೆ. ಹಾಗೆಯೇ ಮಾರುವುದಾದರೆ ಯಾವ ಭಾಗ, ಯಾವ ತಾರೀಖು, ಅಳೆದ ತೂಕ ಎಷ್ಟು ಎಂದು ಬರೆದ ಚೀಟಿಯನ್ನು ಕೈಪಿಡಿಯ ಜತೆಗಿಟ್ಟು ಕೊಡಿ.